ಮನಸ್ಸಿಗೂ ಒಂದು ಗತಿವಿಜ್ಞಾನ

ಹಲಸೂರಿನ ಒಂದು ಶಾಲೆಯ ಏಳನೆಯ ತರಗತಿಯನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಮನೆಯಲ್ಲಿ ತಂದೆಯಿಂದ ಏಟು ತಿಂದ ಹುಡುಗ ಶಾಲೆಗೆ ಬಂದು ಪಕ್ಕದವನ ಪುಸ್ತಕ ಹರಿಯುತ್ತಾನೆ. ಏಕೆಂದು ಕೇಳಿದರೆ ‘ಗೊತ್ತಿಲ್ಲ ಸಾರ್’ ಎನ್ನುತ್ತಾನೆ. ಅದು ಸುಳ್ಳೇ ಆಗಿರಬೇಕಿಲ್ಲ. ತಂದೆಯ ಮುಂದೆ ತೋರಿಸಲಾಗದ ಸಿಟ್ಟು ಅವನಿಗೇ ಅರಿವಿಲ್ಲದೆ ಗೆಳೆಯನ ಮೇಲೆ ತಿರುಗಿರಬಹುದು. ವರ್ತನೆಯ ಹಿಂದೆ ಅರಿವಿಗೆ ಬಾರದ ಒತ್ತಡಗಳೂ ಅವುಗಳ ತಿಕ್ಕಾಟವೂ ಇವೆ, ಅವುಗಳ ಬೇರು ಹೆಚ್ಚಾಗಿ ಬಾಲ್ಯದಲ್ಲಿದೆ ಎನ್ನುವುದೇ ಸೈಕೋಡೈನಮಿಕ್ ದೃಷ್ಟಿಯ ಮೂಲತತ್ತ್ವ.

‘ಡೈನಮಿಕ್’ ಎಂಬುದು ಗತಿವಿಜ್ಞಾನದ ಪದವೆಂದು ನೀವು ಬಲ್ಲಿರಿ. ಅದು ಮನೋವಿಜ್ಞಾನಕ್ಕೆ ಹೋದದ್ದು ಆಕಸ್ಮಿಕವಲ್ಲ. 1847ರಲ್ಲಿ ಹೆಲ್ಮ್‌ಹೋಲ್ಟ್ಸ್ ಶಕ್ತಿ ಸಂರಕ್ಷಣೆಯ ಪ್ರಬಂಧ ಪ್ರಕಟಿಸಿದರು. ಜೀವಕ್ರಿಯೆಗಳನ್ನೂ ಭೌತ-ರಾಸಾಯನಿಕ ಬಲಗಳಿಂದಲೇ ವಿವರಿಸಬೇಕೆಂಬುದು ಅವರ ಗೆಳೆಯ ಬ್ರೂಕೆಯ ನಿಲುವು. ವಿಯೆನ್ನಾದಲ್ಲಿ ಬ್ರೂಕೆಯ ಪ್ರಯೋಗಾಲಯದಲ್ಲಿ 1876ರಿಂದ 1882ರವರೆಗೆ ದುಡಿದ ತರುಣನೇ ಸಿಗ್ಮಂಡ್ ಫ್ರಾಯ್ಡ್. ಅದುಮಿದ ಬಯಕೆ ನಾಶವಾಗದು. ರೂಪ ಬದಲಿಸಿ ಕನಸಾಗಿ, ಬಾಯಿತಪ್ಪಿದ ಮಾತಾಗಿ, ರೋಗಲಕ್ಷಣವಾಗಿ ಹೊರಬರುತ್ತದೆ ಎಂದು ಮುಂದೆ ಅವರು ವಾದಿಸಿದರು. ಇದರಲ್ಲಿ ಶಕ್ತಿ ಸಂರಕ್ಷಣೆಯ ನೆರಳನ್ನು ಕಾಣಬಹುದು. ಆದರೆ ಇದು ಹೋಲಿಕೆ ಮಾತ್ರ. ಮಾನಸಿಕ ‘ಶಕ್ತಿ’ಯನ್ನು ಜೂಲ್‌ಗಳಲ್ಲಿ ಅಳೆದವರಿಲ್ಲ. ಇಂಥ ವಾದಗಳನ್ನು ತಪ್ಪೆಂದು ತೋರಿಸುವ ಪರೀಕ್ಷೆಯೇ ಇಲ್ಲವೆಂದು ತತ್ತ್ವಜ್ಞಾನಿ ಕಾರ್ಲ್ ಪಾಪರ್ ಟೀಕಿಸಿದ್ದೂ ಉಂಟು.

ಈ ಸಿದ್ಧಾಂತ ಭಾರತಕ್ಕೆ ಬೇಗನೆ ಬಂತು. 1922ರಲ್ಲೇ ಗಿರೀಂದ್ರಶೇಖರ ಬೋಸ್ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು. ನಮ್ಮ ಬೆಂಗಳೂರಿನ ಕಥೆ ಬೇರೆ. ಹೆಲ್ಮ್‌ಹೋಲ್ಟ್ಸ್ ಪ್ರಬಂಧದ ವರ್ಷವಾದ 1847ರಲ್ಲೇ ಇಲ್ಲಿ ಮನೋರೋಗಿಗಳ ಆಶ್ರಯಾಲಯ ಆರಂಭವಾಗಿತ್ತು. 1925ರಲ್ಲಿ ಅದು ‘ಮಾನಸಿಕ ಆಸ್ಪತ್ರೆ’ಯಾಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆದವು.

ಆ ಸಂಸ್ಥೆಯ ಎನ್. ಸಿ. ಸೂರ್ಯ ಅವರು ಎಸ್. ಎಸ್. ಜಯರಾಮ್ ಜೊತೆಗೂಡಿ 1964ರಲ್ಲಿ ಭಾರತೀಯ ಸನ್ನಿವೇಶದಲ್ಲಿ ಮನೋಚಿಕಿತ್ಸೆಯನ್ನು ಕುರಿತು ಲೇಖನ ಬರೆದರು. ಪಾಶ್ಚಾತ್ಯ ಮಾದರಿಯಲ್ಲಿ ರೋಗಿ ತನ್ನೊಳಗನ್ನು ತಾನೇ ಶೋಧಿಸಬೇಕು; ವೈದ್ಯ ಸಲಹೆ ಕೊಡದೆ ಕೇಳಿಸಿಕೊಳ್ಳಬೇಕು. ನಮ್ಮ ರೋಗಿಯಾದರೋ ಒಳಮನಸ್ಸಿನ ವಿವರಣೆಗಿಂತ ನೇರವಾದ ಆಸರೆಯನ್ನು ಬಯಸುತ್ತಾನೆ, ವೈದ್ಯರ ಸಮಯವನ್ನು ಹಟಹಿಡಿದು ಕೇಳುತ್ತಾನೆ ಎಂದು ಅವರು ಗಮನಿಸಿದರು. ವಿಯೆನ್ನಾದ ಅಳತೆಗೋಲಿನಲ್ಲಿ ಇದು ‘ಅವಲಂಬನೆ’ ಎಂಬ ದೋಷ. ಕೂಡಿ ಬಾಳುವ ಕುಟುಂಬದಲ್ಲಿ ಹಿರಿಯರನ್ನು ಕೇಳಿ ನಡೆಯುವುದು ಸಹಜ ಗುಣ. ಹಾಗಾದರೆ ದೋಷವಿರುವುದು ರೋಗಿಯಲ್ಲೋ, ಅಳತೆಗೋಲಿನಲ್ಲೋ? ಉಪಕರಣದ ಶೂನ್ಯದೋಷವನ್ನು ತಿದ್ದದೆ ಪಾಠಾಂಕವನ್ನು ನಂಬಬೇಡಿ ಎಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದಿಲ್ಲವೇ?

ಶಿಕ್ಷಕರೇ, ಪುಸ್ತಕ ಹರಿದ ಹುಡುಗನ ಬಗ್ಗೆ ನಾನು ಮೇಲೆ ಕೊಟ್ಟ ವಿವರಣೆಯೂ ಒಂದು ಊಹೆ ಅಷ್ಟೆ. ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳುವವರೆಗೆ ಅದು ಸತ್ಯವಾಗುವುದಿಲ್ಲ. ಶಿಕ್ಷೆಗೆ ಮೊದಲು ಆ ಹತ್ತು ನಿಮಿಷ ಕೊಡಿ. ನಿಮ್ಮ ಕೈಮೀರಿದ ಸಂಕಟ ಕಂಡರೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ.