ಮೇಲಿಂದ ಕಂಡ ಉಸುಕು

ಬಾಳೆಹೊಸೂರ ಕಡೆ ಮನೆ ಕಟ್ಟಿಸೋರ ಮಾತು ಕೇಳಿ ನೋಡ್ರಿ, ಸಿಮೆಂಟ್ ರೇಟಿಗಿಂತ ಮೊದಲು ಬರೋದು ಉಸುಕಿನ ರೇಟು. ಗದಗ ಜಿಲ್ಲೆಯ ಬಹುಪಾಲು ಎರೆಭೂಮಿ. ಉಸುಕು ಬೇಕಂದ್ರೆ ಹಳ್ಳಕ್ಕೆ ಹೋಗಬೇಕು, ಇಲ್ಲಾ ತುಂಗಭದ್ರೆ ದಂಡೆಗೆ. ಉಸುಕು ಎಲ್ಲಿದೆ ಅಂತ ಆಕಾಶದಿಂದ ತೆಗೆದ ಫೋಟೋ ನೋಡಿ ಹೇಳೋ ವಿದ್ಯೆ ಒಂದಿದೆ. ಇವತ್ತಿನ ಎಪಿಸೋಡು ಅದರ ಕಥೆ.

1940ರ ದಶಕದ ಅಮೆರಿಕದಿಂದ ಶುರು ಮಾಡೋಣ. ಅಲ್ಲಿ ಹೆದ್ದಾರಿ ಕೆಲಸಕ್ಕೆ ಉಸುಕು, ಗರಸು ರಾಶಿಗಟ್ಟಲೆ ಬೇಕಿತ್ತು. ಮಾಲು ಅಗ್ಗ, ಸಾಗಾಟ ದುಬಾರಿ. ಹಾಗಾಗಿ ರಸ್ತೆಯ ಹತ್ತಿರವೇ ನಿಕ್ಷೇಪ ಸಿಗಬೇಕು. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬೆಲ್ಚರ್ ಮತ್ತು ಜೊತೆಗಾರರು ವಿಮಾನದಿಂದ ತೆಗೆದ ಫೋಟೋಗಳಲ್ಲಿ ಮಣ್ಣನ್ನು ಓದೋದನ್ನ ಶಾಸ್ತ್ರದ ಮಟ್ಟಕ್ಕೆ ತಂದರು. ಒಂದರ ಮೇಲೊಂದು ಸುಮಾರು 60 ಶೇಕಡಾ ಹೊಂದೋ ಹಾಗೆ ತೆಗೆದ ಎರಡು ಫೋಟೋಗಳನ್ನ ಸ್ಟೀರಿಯೋಸ್ಕೋಪ್ ಅನ್ನೋ ಜೋಡಿ ಮಸೂರದ ಕೆಳಗಿಟ್ಟರೆ ನೆಲದ ಏರಿಳಿತ ಎದ್ದು ಕಾಣ್ತದೆ.

ಆಮೇಲೆ ಸುಳಿವು ಹುಡುಕೋದು. ಉಸುಕಿನಲ್ಲಿ ನೀರು ಬೇಗ ಇಂಗ್ತದೆ, ನೆಲ ಒಣಗಿರ್ತದೆ, ಫೋಟೋದಲ್ಲಿ ಬಿಳಿಚಿ ಕಾಣ್ತದೆ. ಎರೆಮಣ್ಣು ಕಪ್ಪು. ಉಸುಕು, ಗರಸು ಇರೋ ಕಡೆ ಮಳೆನೀರು ಕೊರೆದ ಕೊರಕಲು ಗಿಡ್ಡ, ಇಳಿಜಾರು ಕಡಿದು, ತಳ ಚೂಪು. ಜಿಗುಟು ಮಣ್ಣಲ್ಲಿ ಅದೇ ಕೊರಕಲು ಉದ್ದ, ಅಗಲ, ಬಾಯಿ ತೆರೆದಂಗೆ. ಹೊಳೆ ಹಿಂದೊಮ್ಮೆ ಹರಿದು ಬಿಟ್ಟ ಜಾಡು ಹೊಲದ ಮಧ್ಯೆ ಬಾಗಿದ ಗೆರೆಯಾಗಿ ಉಳಿದಿರ್ತದೆ. ಹೊಲದಲ್ಲಿ ನಿಂತರೆ ಅದು ಗೊತ್ತಾಗೋದೇ ಇಲ್ಲ.

ಆದರೆ ಫೋಟೋ ಜಾಗ ತೋರಿಸ್ತದೆ, ಅಡಿಯಲ್ಲಿ ಏನಿದೆ ಅಂತ ತೋರಿಸೋದಿಲ್ಲ. ನಾರ್ಮಂಡಿ ದಾಳಿಗೆ ಮುಂಚೆ ಮಿತ್ರಪಡೆಗಳಿಗೆ ಇದೇ ತಲೆನೋವು. ಫ್ರಾನ್ಸಿನ ಆ ದಂಡೆಯ ಫೋಟೋ ಬೇಕಾದಷ್ಟು ಇದ್ದವು. ಉಸುಕಿನ ಕೆಳಗೆ ಮೆತ್ತನೆ ಕೊಳೆತ ಮಣ್ಣಿದ್ದರೆ ಟ್ಯಾಂಕುಗಳು ಹೂತುಹೋಗ್ತವಲ್ಲ? 1943ರ ಡಿಸೆಂಬರ್ 31ರ ರಾತ್ರಿ ಲೋಗನ್ ಸ್ಕಾಟ್-ಬೌಡನ್, ಬ್ರೂಸ್ ಆಗ್ಡನ್-ಸ್ಮಿತ್ ಅನ್ನೋ ಇಬ್ಬರು ಬ್ರಿಟಿಷ್ ಸೈನಿಕರು ಈಜಿ ದಡ ಸೇರಿ, ಕೊರೆದು ಉಸುಕಿನ ಮಾದರಿ ತಂದರು. ಶತ್ರುವಿನ ಕಾವಲಿನ ನಡುವೆ!

ನಮ್ಮ ದೇಶಕ್ಕೆ ಬರೋಣ. 1966ರಲ್ಲಿ ಡೆಹ್ರಾಡೂನಿನಲ್ಲಿ ಡಚ್ಚರ ಸಹಕಾರದಿಂದ ಫೋಟೋ ಓದೋದನ್ನ ಕಲಿಸೋ ಸಂಸ್ಥೆ ಶುರುವಾಯ್ತು. ಇವತ್ತಿನ ಭಾರತೀಯ ದೂರಸಂವೇದಿ ಸಂಸ್ಥೆ ಅದೇ. ವಿದ್ಯೆ ಬಂತು, ಫೋಟೋ ಮಾತ್ರ ರಕ್ಷಣಾ ಇಲಾಖೆಯ ನಿರ್ಬಂಧದಲ್ಲೇ ಉಳೀತು. ಹೊಳೆಇಟಗಿಯ ರೈತ ತನ್ನೂರ ಹೊಳೆಯ ಫೋಟೋ ಕೇಳಿ ಪಡೆಯೋ ಮಾತೇ ಇರಲಿಲ್ಲ. ಅತ್ತ 1957ರ ಖನಿಜ ಕಾಯ್ದೆ ಉಸುಕು, ಗರಸನ್ನ ಉಪಖನಿಜ ಅಂತ ಕರೆದು ರಾಜ್ಯಗಳಿಗೆ ಬಿಟ್ಟಿತ್ತು. ಹೆಸರಲ್ಲೇ ‘ಉಪ’, ಗಮನವೂ ಅಷ್ಟೇ. 2012ರ ಫೆಬ್ರವರಿ 27ರಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5 ಹೆಕ್ಟೇರಿಗಿಂತ ಸಣ್ಣ ಗುತ್ತಿಗೆಗೂ ಪರಿಸರ ಅನುಮತಿ ಬೇಕು ಅಂದ ಮೇಲೆ ಚಿತ್ರ ಬದಲಾಯ್ತು. 2016 ಮತ್ತು 2020ರ ಕೇಂದ್ರ ಮಾರ್ಗಸೂಚಿಗಳಲ್ಲಿ ಜಿಲ್ಲಾ ಸಮೀಕ್ಷಾ ವರದಿ ಬಂತು, ಉಪಗ್ರಹ ಚಿತ್ರ, ಡ್ರೋನ್ ಬಂದವು.

ನಾನು ಬಿಕಾಂ ಓದಿದವ, ನನ್ನ ಕಣ್ಣು ಲೆಕ್ಕದ ಕಡೆಗೇ ಹೋಗ್ತದೆ. ಒಂದು ಹೆಕ್ಟೇರ್ ಉಸುಕಿನ ದಿಬ್ಬ, ಒಂದು ಮೀಟರ್ ಆಳ ಅಂದ್ರೆ 10,000 ಘನ ಮೀಟರ್. ಆಳದ ಕಾಲಂನಲ್ಲಿ 3 ಅಂತ ಬರೆದರೆ 30,000. ಹೆಕ್ಟೇರನ್ನ ಫೋಟೋ ಹೇಳ್ತದೆ, ಆಳವನ್ನ ಯಾರೋ ಹೇಳ್ತಾರೆ. ದುಡ್ಡು ಇರೋದು ಆ ಆಳದಲ್ಲಿ. ಊರಿನ ನೀರು ಇರೋದೂ ಅಲ್ಲೇ. ಹೊಳೆ ಬತ್ತಿದಾಗಲೂ ಉಸುಕಿನ ಒಡಲಲ್ಲಿ ನೀರು ನಿಂತಿರ್ತದೆ, ದಂಡೆಯ ಬಾವಿಗಳು ಅದನ್ನೇ ಕುಡಿದು ಬದುಕೋದು. ತಳದ ಕಲ್ಲು ಕಾಣೋವರೆಗೆ ಬಳಿದರೆ ಬಾವಿಗೆ ಏನೂ ಉಳಿಯೋದಿಲ್ಲ.

2009ರಿಂದ ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರ ಪುಕ್ಕಟೆ ಸಿಗ್ತಿವೆ. ನೀವೂ ನೋಡಬಹುದು. ಹೊಳೆ ತಾನೇ ಹಾಕಿದ ದಿಬ್ಬದ ಅಂಚು ನುಣುಪಾಗಿ ಬಾಗಿರ್ತದೆ. ಜೆಸಿಬಿ ತೋಡಿದ ಗುಂಡಿಯ ಅಂಚು ನೆಟ್ಟಗೆ, ಒಳಗೆ ನೀರು ನಿಂತು ಕಪ್ಪು, ದಂಡೆಯವರೆಗೆ ಟಿಪ್ಪರ್ ಜಾಡು. ಒಂದು ಎಚ್ಚರ: ಆಗಸ್ಟಿನ ಚಿತ್ರವನ್ನ ಮೇ ತಿಂಗಳಿನದಕ್ಕೆ ಹೋಲಿಸಬೇಡ್ರಿ, ತುಂಬಿದ ಹೊಳೆ ಎಲ್ಲಾ ಮುಚ್ಚಿರ್ತದೆ. ಮುಂಡರಗಿ ತಾಲೂಕಿನ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಲ್ಲೂ ಹಾಗೇ. ಅಲ್ಲಿ ಉಸುಕು ಕಾಣಲಿಲ್ಲ ಅಂದ ಮಾತ್ರಕ್ಕೆ ಯಾರೋ ಒಯ್ದರು ಅಂತಲ್ಲ, ನೀರಡಿ ಇರಬಹುದು. ಬೇಸಿಗೆಯ ಎರಡು ಚಿತ್ರ ಪಕ್ಕಪಕ್ಕ ಇಟ್ಟುಕೊಂಡು, ಆಮೇಲೆ ಕಬ್ಬಿಣದ ಸಲಾಕೆ ಹಿಡಿದು ಹೊಳೆಗೆ ಇಳೀರಿ. ಸಲಾಕೆ ಎಷ್ಟು ಒಳಗೆ ಹೋಯ್ತು ಅಂತ ಬರೆದಿಟ್ಟು, ಜಿಲ್ಲಾ ವರದಿಯ ಆಳದ ಕಾಲಂ ಜೊತೆ ಹೊಂದಿಸಿ ನೋಡ್ರಿ.