ಎರಡು ರೀಲಿನ ಸಂಸಾರ

1912ರಲ್ಲಿ ಬಂದ ‘ಎ ಕ್ಯೂರ್ ಫಾರ್ ಪೋಕರೈಟಿಸ್’ ಚಿತ್ರದ ಗಂಡ ಇಸ್ಪೀಟಿನಲ್ಲಿ ಸೋತು ಮನೆಗೆ ಬರುತ್ತಾನೆ. ಇನ್ನು ಎಲೆ ಮುಟ್ಟುವುದಿಲ್ಲ ಎಂದು ಹೆಂಡತಿಗೆ ಮಾತು ಕೊಡುತ್ತಾನೆ. ಆದರೆ ಗೆಳೆಯನೊಬ್ಬ ದಾರಿ ತೋರಿಸುತ್ತಾನೆ: ಇಲ್ಲದ ಸಂಘವೊಂದರ ಹೆಸರಿನಲ್ಲಿ ಆಹ್ವಾನ ಪತ್ರ, ವಾರಕ್ಕೊಮ್ಮೆ ‘ಸಭೆ’. ನಿದ್ದೆಯಲ್ಲಿ ಮಾತಾಡುವ ಚಟವಿರುವ ಈ ಮಹರಾಯ ತನ್ನ ಗುಟ್ಟನ್ನು ತಾನೇ ರಟ್ಟು ಮಾಡಿಕೊಳ್ಳುತ್ತಾನೆ. ಗಂಡ ಚಾಪೆ ಕೆಳಗೆ ತೂರಿದರೆ ಹೆಂಡತಿ ರಂಗೋಲಿ ಕೆಳಗೆ ತೂರುತ್ತಾಳೆ. ನೆಂಟನೊಬ್ಬನ ಬೈಬಲ್ ತರಗತಿಯ ಹುಡುಗರಿಗೆಲ್ಲ ಪೊಲೀಸ್ ವೇಷ ಹಾಕಿಸಿ ಇಸ್ಪೀಟಿನ ಕೋಣೆಗೆ ದಾಳಿ ಮಾಡಿಸುತ್ತಾಳೆ.

ಗಂಡನಾಗಿ ದಢೂತಿ ಜಾನ್ ಬನ್ನಿ, ಹೆಂಡತಿಯಾಗಿ ಕಡ್ಡಿಯಂಥ ಫ್ಲೋರಾ ಫಿಂಚ್. ಚಿತ್ರ ತಯಾರಾದದ್ದು ಹಾಲಿವುಡ್‌ನಲ್ಲಲ್ಲ, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿದ್ದ ವೈಟಾಗ್ರಾಫ್ ಕಂಪನಿಯಲ್ಲಿ. ಆದರೂ ಮುಂದಿನ ನಾಲ್ಕು ದಶಕ ಹಾಲಿವುಡ್ ಕಿರುಚಿತ್ರಗಳು ಬಂಡವಾಳ ಮಾಡಿಕೊಂಡ ಮೂಲಧಾತು ಇಲ್ಲೇ ಇದೆ: ಗಂಡನ ಒಂದು ಸಣ್ಣ ಸುಳ್ಳು, ಅದನ್ನು ಮುಚ್ಚಲು ಇನ್ನೊಂದು.

1915ರಲ್ಲಿ ಬನ್ನಿ ತೀರಿಕೊಂಡ. ಅದೇ ಕಂಪನಿಯಲ್ಲಿ ಸಿಡ್ನಿ ಡ್ರೂ ಮತ್ತು ಅವನ ಪತ್ನಿ ಲೂಸಿಲ್ ಮೆಕ್‌ವೇ ಇನ್ನೊಂದು ಬಗೆಯ ಸಂಸಾರ ಹೂಡಿದ್ದರು. ಇಲ್ಲಿ ಹೊಡೆದಾಟವಿಲ್ಲ, ತಟ್ಟೆ ಎಸೆಯುವುದಿಲ್ಲ. ಹೆಂಡತಿಯ ನೃತ್ಯದ ಹುಚ್ಚಿನಿಂದ ಪಾರಾಗಲು ಗಂಡ ಕಾಲು ಉಳುಕಿದಂತೆ ನಟಿಸುತ್ತಾನೆ. ‘ಫಾಕ್ಸ್ ಟ್ರಾಟ್ ಫಿನೆಸ್’ (1915) ಚಿತ್ರಕ್ಕೆ ಅಷ್ಟು ಎಳೆ ಸಾಕಾಗಿತ್ತು. ಹುಬ್ಬೇರಿಸಿದರೆ ನಗು ಬರುತ್ತದೆ ಎಂಬುದನ್ನು ತೋರಿಸಿದ ಈ ಜೋಡಿಯನ್ನು ಇಂದು ಸಿನಿಮಾ ಇತಿಹಾಸಕಾರರಷ್ಟೇ ನೆನೆಯುತ್ತಾರೆ ಎಂಬುದು ಅನ್ಯಾಯವೇ ಸರಿ.

ಪಶ್ಚಿಮ ತೀರದಲ್ಲಿ, ಮ್ಯಾಕ್ ಸೆನೆಟ್‌ನ ಕೀಸ್ಟೋನ್ ಸ್ಟುಡಿಯೋದಲ್ಲಿ, ಸದ್ದುಗದ್ದಲದ ಹಾಸ್ಯಕ್ಕೇ ಮಣೆ. 1916ರ ‘ಫ್ಯಾಟಿ ಅಂಡ್ ಮೇಬಲ್ ಅಡ್ರಿಫ್ಟ್’ನಲ್ಲಿ ನವದಂಪತಿಯ ಮನೆಯನ್ನೇ ಎದುರಾಳಿ ರಾತ್ರೋರಾತ್ರಿ ಸಮುದ್ರಕ್ಕೆ ತಳ್ಳಿಬಿಡುತ್ತಾನೆ. ಬಸ್ಟರ್ ಕೀಟನ್‌ನ ‘ಒನ್ ವೀಕ್’ (1920) ಮನೆಯ ಈ ಪಡಿಪಾಟಲನ್ನು ಇನ್ನೂ ಎತ್ತರಕ್ಕೆ ಒಯ್ದಿತು. ಮದುವೆಗೆ ಉಡುಗೊರೆಯಾಗಿ ಬಂದದ್ದು ಬಿಡಿಭಾಗಗಳ ಮನೆ. ಪೆಟ್ಟಿಗೆಗಳ ಮೇಲಿನ ನಂಬರು ನೋಡಿ ಜೋಡಿಸಿಕೊಳ್ಳಬೇಕು. ಹುಡುಗಿಯನ್ನು ಕಳೆದುಕೊಂಡ ಹೊಟ್ಟೆಕಿಚ್ಚಿಗೆ ಒಬ್ಬ ನಂಬರು ತಿದ್ದಿಬಿಡುತ್ತಾನೆ. ಸೊಟ್ಟಗೆ ಎದ್ದ ಆ ಮನೆ ಬಿರುಗಾಳಿಗೆ ಬುಗುರಿಯಾಗುತ್ತದೆ. ಕಟ್ಟಿದ್ದೇ ಬೇರೆ ನಿವೇಶನದಲ್ಲಿ ಎಂದು ಗೊತ್ತಾಗಿ ಎಳೆದೊಯ್ಯುವಾಗ ರೈಲು ಹಳಿಯ ಮೇಲೆ ಸಿಕ್ಕಿಕೊಳ್ಳುತ್ತದೆ. ರೈಲು ಬರುತ್ತದೆ, ಪಕ್ಕದ ಹಳಿಯಲ್ಲಿ ಹಾದುಹೋಗುತ್ತದೆ. ಗಂಡ ಹೆಂಡಿರು ಉಸ್ಸೆನ್ನುವಷ್ಟರಲ್ಲಿ ಎದುರು ದಿಕ್ಕಿನಿಂದ ಬಂದ ಇನ್ನೊಂದು ರೈಲು ಮನೆಯನ್ನು ಪುಡಿಪುಡಿ ಮಾಡುತ್ತದೆ. ಕೀಟನ್ ಅವಶೇಷದ ಮೇಲೆ ‘ಮಾರಾಟಕ್ಕಿದೆ’ ಎಂಬ ಹಲಗೆ ನೆಟ್ಟು, ಜೋಡಣೆಯ ಸೂಚನಾ ಪತ್ರವನ್ನೂ ಅಲ್ಲೇ ಬಿಟ್ಟು, ಹೆಂಡತಿಯ ಕೈ ಹಿಡಿದು ಹೊರಡುತ್ತಾನೆ. ಆ ಹೆಂಡತಿ, ಸಿಬಿಲ್ ಸೀಲಿ, ಉದ್ದಕ್ಕೂ ಅವನ ಸರಿಸಮಕ್ಕೆ ದುಡಿಯುತ್ತಾಳೆ, ಒಮ್ಮೆಯೂ ಗೊಣಗುವುದಿಲ್ಲ. ಈ ಪ್ರಕಾರದಲ್ಲಿ ಅದು ಅಪರೂಪ.

ಸುಳ್ಳಿನ ಹಾಸ್ಯ ಪಕ್ವವಾದದ್ದು ಕಲ್ವರ್ ಸಿಟಿಯ ಹಾಲ್ ರೋಚ್ ಸ್ಟುಡಿಯೋದಲ್ಲಿ. ಓಟಕ್ಕಿಂತ ಮುಜುಗರದಲ್ಲಿ ನಗು ಹೆಚ್ಚು ಎಂಬುದು ಅಲ್ಲಿನವರಿಗೆ ಹೊಳೆದಿತ್ತು. ಚಾರ್ಲಿ ಚೇಸ್ ನಟಿಸಿ ಲಿಯೋ ಮೆಕ್ಯಾರಿ ನಿರ್ದೇಶಿಸಿದ ‘ಮೈಟಿ ಲೈಕ್ ಎ ಮೂಸ್’ (1926) ಅದಕ್ಕೆ ಸಾಕ್ಷಿ. ಗಂಡನಿಗೆ ಉಬ್ಬು ಹಲ್ಲು, ಹೆಂಡತಿಗೆ ಗಡಾರಿ ಮೂಗು. ಒಬ್ಬರಿಗೊಬ್ಬರು ಹೇಳದೆ ಇಬ್ಬರೂ ವೈದ್ಯರ ಬಳಿ ಹೋಗಿ ರೂಪ ತಿದ್ದಿಸಿಕೊಳ್ಳುತ್ತಾರೆ. ಆಮೇಲೆ ಎದುರಾದಾಗ ಗುರುತೇ ಸಿಗದೆ ಪರಸ್ಪರ ಮರುಳಾಗುತ್ತಾರೆ! ತನ್ನ ಹೊಸ ಗೆಳತಿ ಯಾರೆಂದು ಮೊದಲು ತಿಳಿಯುವುದು ಗಂಡನಿಗೆ. ಹೆಂಡತಿಗೆ ಬುದ್ಧಿ ಕಲಿಸಲು ಹಳೆಯ ಗಂಡನೂ ತಾನೇ, ಹೊಸ ಪ್ರಿಯಕರನೂ ತಾನೇ ಆಗಿ, ಬಾಗಿಲಿನ ಆಚೀಚೆ ಹಲ್ಲು ಹಾಕಿ ತೆಗೆದು ಜಂಗೀ ಕುಸ್ತಿ ನಡೆಸುತ್ತಾನೆ. ತಾನು ಮಾಡಿದ್ದೂ ಅದೇ ತಪ್ಪು ಎಂಬುದು ಆ ಪುಣ್ಯಾತ್ಮನ ತಲೆಗೆ ಹೋಗುವುದೇ ಇಲ್ಲ. ಮದುವೆಯ ಬಗ್ಗೆ ಅಮೆರಿಕದ ಮೂಕಿ ಚಿತ್ರ ಇದಕ್ಕಿಂತ ಹರಿತವಾಗಿ ನಕ್ಕದ್ದು ಕಡಿಮೆ.

ಅದೇ ಸ್ಟುಡಿಯೋದ ಲಾರೆಲ್ ಮತ್ತು ಹಾರ್ಡಿ 1928ರ ‘ವಿ ಫಾ ಡೌನ್’ನಲ್ಲಿ ನಾಟಕಕ್ಕೆ ಹೋಗುತ್ತೇವೆಂದು ಹೆಂಡತಿಯರಿಗೆ ಹೇಳಿ ಇಸ್ಪೀಟಿಗೆ ಹೊರಡುತ್ತಾರೆ. ಅಷ್ಟರಲ್ಲಿ ಆ ನಾಟಕ ಮಂದಿರಕ್ಕೇ ಬೆಂಕಿ! ಹೆಂಡತಿಯರಿಗೆ ಸುದ್ದಿ ಮುಟ್ಟಿದೆ, ಗಂಡಂದಿರಿಗೆ ಗೊತ್ತಿಲ್ಲ. ನೋಡದ ನಾಟಕವನ್ನು ಬಣ್ಣಿಸುತ್ತ ನಿಲ್ಲುತ್ತಾರೆ. ಇದೇ ಎಳೆ ಬೆಳೆದು 1933ರಲ್ಲಿ ‘ಸನ್ಸ್ ಆಫ್ ದಿ ಡೆಸರ್ಟ್’ ಎಂಬ ಪೂರ್ಣಾವಧಿ ಚಿತ್ರವಾಯಿತು.

ಚೇಸ್‌ನ ತಮ್ಮ ಜೇಮ್ಸ್ ಪ್ಯಾರಟ್ ನಿರ್ದೇಶಿಸಿದ ‘ಹೆಲ್ಪ್‌ಮೇಟ್ಸ್’ (1932) ಇನ್ನೂ ಸರಳ. ಹೆಂಡತಿ ಊರಲ್ಲಿಲ್ಲದಾಗ ಹಾರ್ಡಿ ಮೋಜು ಮಾಡಿ ಮನೆ ಹಾಳುಗೆಡವಿದ್ದಾನೆ; ಅವಳು ಮಧ್ಯಾಹ್ನಕ್ಕೆ ಬರುತ್ತಾಳೆಂದು ತಂತಿ ಬಂದಿದೆ. ಗುಡಿಸಿ ಒರೆಸಲು ಲಾರೆಲ್ ಬರುತ್ತಾನೆ. ಮಸಿಗೆ, ಹಿಟ್ಟಿಗೆ, ನೀರಿಗೆ ಹಾರ್ಡಿಯ ಬಟ್ಟೆಗಳು ಒಂದೊಂದಾಗಿ ಬಲಿಯಾಗಿ, ಕೊನೆಗೆ ಕತ್ತಿ, ಗರಿಯ ಟೊಪ್ಪಿಗೆಯ ಸಮವಸ್ತ್ರದಲ್ಲೇ ಹೆಂಡತಿಯನ್ನು ಎದುರುಗೊಳ್ಳಲು ಹೋಗಬೇಕಾಗುತ್ತದೆ. ಕಪ್ಪಿಟ್ಟ ಕಣ್ಣಿನೊಂದಿಗೆ ಒಬ್ಬನೇ ಮರಳಿದಾಗ ಮನೆಯೇ ಸುಟ್ಟುಹೋಗಿದೆ. ಹೋಗುವಾಗ ಬಾಗಿಲು ಹಾಕಿಕೊಂಡು ಹೋಗು ಎಂದು ಗೆಳೆಯನಿಗೆ ಹೇಳಿ, ಸೂರಿಲ್ಲದ ಮನೆಯಲ್ಲಿ ಕುರ್ಚಿಯ ಮೇಲೆ ಕೂರುತ್ತಾನೆ. ಮಳೆ ಶುರುವಾಗುತ್ತದೆ.

ಒಂದು ತಕರಾರನ್ನಂತೂ ಎತ್ತಲೇಬೇಕು. ಲಾರೆಲ್–ಹಾರ್ಡಿ ಚಿತ್ರಗಳ ಹೆಂಡತಿಯರು ಬಹುಪಾಲು ಬಜಾರಿಗಳು. ಪಾತ್ರೆ ಎಸೆಯುತ್ತಾರೆ, ಬಂದೂಕು ಹಿಡಿಯುತ್ತಾರೆ. ಗಂಡಂದಿರನ್ನು ಮಕ್ಕಳಂತೆ ತೋರಿಸುವುದಕ್ಕೆ ಆ ಹೆಣ್ಣುಗಳನ್ನು ರಾಕ್ಷಸಿಯರಾಗಿಸಿದ್ದು ಸೋಮಾರಿ ಬರವಣಿಗೆ. ಮೇ ಬುಶ್‌ರಂಥ ಸಮರ್ಥ ನಟಿ ಅದರೊಳಗೂ ಜೀವ ತುಂಬಿದರು ಎಂಬುದು ಬೇರೆ ಮಾತು.

ಮೂವತ್ತರ ದಶಕದಲ್ಲಿ ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ಪದ್ಧತಿ ಬಂದು ಕಿರುಚಿತ್ರಗಳ ಜಾಗ ಕಿರಿದಾಯಿತು. ಆರ್‌ಕೆಓ ಕಂಪನಿಯಲ್ಲಿ ಎಡ್ಗರ್ ಕೆನೆಡಿ 1931ರಿಂದ 1948ರಲ್ಲಿ ಸಾಯುವವರೆಗೆ ಒಂದೇ ಪಾತ್ರ ಮಾಡಿದ: ಪೆದ್ದು ಹೆಂಡತಿ, ಮೂಗು ತೂರಿಸುವ ಅತ್ತೆ, ಮೈಗಳ್ಳ ಬಾಮೈದನ ನಡುವೆ ಸಿಕ್ಕಿ, ಬೋಳುತಲೆಯಿಂದ ಮುಖದವರೆಗೆ ಕೈ ಸವರುತ್ತ ನಿಧಾನಕ್ಕೆ ಕುದಿಯುವ ಗೃಹಸ್ಥ. ಅಲ್ಲೇ ಲಿಯಾನ್ ಎರಲ್ ಕುಡಿದು ತಡವಾಗಿ ಮನೆ ಸೇರುವ ಗಂಡನಾದ. ಕೊಲಂಬಿಯಾ ಕಂಪನಿಯಲ್ಲಿ ಜೂಲ್ಸ್ ವೈಟ್‌ನ ಕಿರುಚಿತ್ರ ವಿಭಾಗ ಇದೇ ಕಥೆಗಳಿಗೆ ಬಡಿತ ಹೆಚ್ಚಿಸಿ, ಸೂಕ್ಷ್ಮ ಕಡಿಮೆ ಮಾಡಿತು.

ಸೂಕ್ಷ್ಮ ಹೋದದ್ದು ದೊಡ್ಡ ಚಿತ್ರಗಳಿಗೆ. 1937ರ ‘ದಿ ಆಫುಲ್ ಟ್ರೂತ್’ನಲ್ಲಿ ಫ್ಲಾರಿಡಾಕ್ಕೆ ಹೋಗಿದ್ದೆ ಎನ್ನುವ ಗಂಡ ದೀಪದ ಬೆಳಕಿನಲ್ಲಿ ಮೈಬಣ್ಣ ಕಂದಿಸಿಕೊಳ್ಳುತ್ತಾನೆ; ತಂದ ಕಿತ್ತಳೆಯ ಮೇಲೆ ಕ್ಯಾಲಿಫೋರ್ನಿಯಾದ ಮುದ್ರೆ. ನಿರ್ದೇಶಕ ಅದೇ ಮೆಕ್ಯಾರಿ, ಆಸ್ಕರ್ ಬಂತು.

ಎರಲ್ ತೀರಿಕೊಂಡದ್ದು 1951ರ ಅಕ್ಟೋಬರ್ 12ರಂದು. ಮೂರು ದಿನದ ಬಳಿಕ ಟೆಲಿವಿಷನ್‌ನಲ್ಲಿ ‘ಐ ಲವ್ ಲೂಸಿ’ ಶುರುವಾಯಿತು. ಅಲ್ಲಿ ಸುಳ್ಳು ಹೇಳಿ ಸಿಕ್ಕಿಬೀಳುವ ಸರದಿ ಹೆಂಡತಿಯದು. 1957ರಲ್ಲಿ ಅದರ ನಾಯಕಿ ಲೂಸಿಲ್ ಬಾಲ್ ದಂಪತಿಯ ಕಂಪನಿ ಆರ್‌ಕೆಓ ಸ್ಟುಡಿಯೋವನ್ನೇ ಕೊಂಡುಕೊಂಡಿತು.

ನೋಡಬೇಕೆನ್ನುವವರಿಗೆ ‘ಒನ್ ವೀಕ್’ ಮತ್ತು ‘ಮೈಟಿ ಲೈಕ್ ಎ ಮೂಸ್’ ಎರಡೂ ಅಮೆರಿಕದಲ್ಲಿ ಹಕ್ಕುಸ್ವಾಮ್ಯದಿಂದ ಮುಕ್ತವಾಗಿವೆ. ಮೂಕಿ ಚಿತ್ರಗಳಾದ್ದರಿಂದ ಭಾಷೆಯ ತೊಡಕೂ ಹೆಚ್ಚಿಲ್ಲ. ಒಂದು ಸಂಜೆ ಎರಡನ್ನೂ ನೋಡಿ, ಮೊದಲು ಕೀಟನ್, ಆಮೇಲೆ ಚೇಸ್.