ಐವತ್ತು ಸೆಂಟಿನ ತೀರ್ಪುಗಾರರು

ಹಿಪ್‌ಹಾಪ್‌ನ ಜನ್ಮದಿನವೆಂದು ಎಲ್ಲರೂ ಒಪ್ಪಿಕೊಂಡಿರುವ 1973ರ ಆಗಸ್ಟ್ 11ರ ರಾತ್ರಿಯೇ ಬಾಗಿಲಲ್ಲಿ ದುಡ್ಡು ವಸೂಲಾಗಿತ್ತು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಿಳಾಸದ ವಸತಿ ಕಟ್ಟಡದ ಹಾಲಿನಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಪಾರ್ಟಿ ಇಟ್ಟಿದ್ದಳು. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ಕಾಸು ಹೊಂದಿಸಬೇಕಿತ್ತು. ಅಂಗೈಯಗಲದ ರಟ್ಟಿನ ಚೀಟಿಗಳ ಮೇಲೆ ಕೈಯಲ್ಲೇ ಆಮಂತ್ರಣ ಬರೆದು ಹಂಚಿದಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ಹಾಡು ಹಾಕಿದವನು ಅವಳ ಅಣ್ಣ ಕ್ಲೈವ್, ಮುಂದೆ ಡಿಜೆ ಕೂಲ್ ಹರ್ಕ್ ಎಂದು ಹೆಸರಾದವನು. ಆದ್ದರಿಂದ ಕಲೆ ಮೊದಲು ಶುದ್ಧವಾಗಿತ್ತು, ವ್ಯಾಪಾರ ಆಮೇಲೆ ಬಂದು ಕೆಡಿಸಿತು ಎಂಬ ಮಾಮೂಲಿ ಕಥೆ ಇಲ್ಲಿ ನಡೆಯುವುದಿಲ್ಲ. ಇವತ್ತಿನ ಅಭಿಮಾನಿಗಳ ದೂರುಗಳನ್ನು ಕೇಳಿ: ಟಿಕೆಟ್ ಕೈಗೆಟುಕದು, ಕಲಾವಿದ ಗಂಟೆಗಟ್ಟಲೆ ತಡವಾಗಿ ಬರುತ್ತಾನೆ, ಬಂದರೂ ತನ್ನದೇ ರೆಕಾರ್ಡಿನ ಮೇಲೆ ಅಲ್ಲೊಂದು ಇಲ್ಲೊಂದು ಸಾಲು ಕೂಗಿ ಮುಕ್ಕಾಲು ಗಂಟೆಯಲ್ಲಿ ಹೊರಟುಬಿಡುತ್ತಾನೆ. ಇದಕ್ಕೆಲ್ಲ ದುಡ್ಡೇ ಕಾರಣ ಎಂದುಬಿಡುವುದು ಸುಲಭ. ನನ್ನ ವಾದ ಬೇರೆ. ಈ ಸಂಗೀತದಲ್ಲಿ ಕೇಳುಗನೇ ತೀರ್ಪುಗಾರನಾಗಿದ್ದ. ವೇದಿಕೆಯ ವ್ಯಾಪಾರ ಅವನನ್ನು ಮೊದಲು ಅಪಾಯ ಎಂದು ಎಣಿಸಿತು, ಬಳಿಕ ಬರೀ ಗಿರಾಕಿ ಎಂದು. ದೂರುಗಳ ಬೇರು ಆ ಬದಲಾವಣೆಯಲ್ಲಿದೆ.

ಹಿಪ್‌ಹಾಪ್‌ಗೆ ಮೊದಲ ಆರು ವರ್ಷ ರೆಕಾರ್ಡೇ ಇರಲಿಲ್ಲ ಎಂಬುದನ್ನು ಮರೆಯುವವರೇ ಹೆಚ್ಚು. ಎರಡು ಟರ್ನ್‌ಟೇಬಲ್ ಇಟ್ಟುಕೊಂಡು ಹಾಡಿನ ಕುಣಿಸುವ ತಾಳದ ತುಣುಕನ್ನು ಮತ್ತೆ ಮತ್ತೆ ಎಳೆಯುವ ಡಿಜೆ, ಮೈಕ್ ಹಿಡಿದು ಗೆಳೆಯರ ಹೆಸರು ಕೂಗಿ ಜನರನ್ನು ಹುರಿದುಂಬಿಸುವ ಎಂಸಿ: ಎಲ್ಲ ನಡೆದದ್ದು ಎದುರಿಗಿದ್ದವರ ಕಾಲು ನೋಡಿಕೊಂಡೇ. ಕಾಲು ನಿಂತರೆ ತಟ್ಟೆ ಬದಲಾಗುತ್ತಿತ್ತು. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್‌ನ ‘ರ‍್ಯಾಪರ್ಸ್ ಡಿಲೈಟ್’ ಬಂದು, ಹದಿನಾಲ್ಕು ನಿಮಿಷ ದಾಟುವ ಹಾಡಾಗಿ ಇಡೀ ದೇಶಕ್ಕೆ ಕೇಳಿಸಿದ ಮೇಲೂ ಬೀದಿಯ ಲೆಕ್ಕದಲ್ಲಿ ನಿಜವಾದ ರ‍್ಯಾಪ್ ಎಂದರೆ ಕಾರ್ಯಕ್ರಮದಲ್ಲಿ ಹಿಡಿದ ಕ್ಯಾಸೆಟ್ಟೇ. ಅಂಥ ಕ್ಯಾಸೆಟ್‌ಗಳಲ್ಲಿ ಕೈಯಿಂದ ಕೈಗೆ ಓಡಾಡಿದ್ದೊಂದು 1981ರ ಡಿಸೆಂಬರಿನದು. ಹಾರ್ಲೆಮ್ ವರ್ಲ್ಡ್ ಎಂಬ ಕ್ಲಬ್ಬಿನಲ್ಲಿ ಬಿಸಿ ಬೀ ಎಂಬ ಎಂಸಿ ಜನರನ್ನು ಕೂಗಿಸಿ ನಗಿಸುವುದರಲ್ಲಿ ಎತ್ತಿದ ಕೈ; ಅವನ ಬೆನ್ನಿಗೇ ಮೈಕ್ ಹಿಡಿದ ಕೂಲ್ ಮೋ ಡೀ ಬಿಗಿ ಪ್ರಾಸದಲ್ಲಿ ಅವನನ್ನು ಹೆಸರು ಹಿಡಿದು ಹರಿದುಹಾಕಿದ. ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಮೇಳಗಳ ವಾದ ಕೇಳಿದವರಿಗೆ ಈ ಮಾದರಿ ಹೊಸದಲ್ಲ: ಪದ ಕಟ್ಟುವವರು ಇಬ್ಬರು, ಗೆದ್ದವರು ಯಾರೆನ್ನುವುದು ಕೂತವರ ಕೂಗು. ಆ ರಾತ್ರಿಯ ಕೂಗು ಬರೀ ಒಬ್ಬನನ್ನು ಗೆಲ್ಲಿಸಲಿಲ್ಲ, ರ‍್ಯಾಪ್ ಎಂದರೆ ಪಾರ್ಟಿ ನಡೆಸುವುದಲ್ಲ, ಬರವಣಿಗೆ ಎಂಬ ಕಡೆಗೆ ಇಡೀ ಕಲೆಯನ್ನೇ ತಿರುಗಿಸಿತು. ಅಭಿಮಾನಿಯ ಅಭಿಪ್ರಾಯಕ್ಕೆ ಇಷ್ಟು ಬಲವಿದ್ದ ಜನಪ್ರಿಯ ಸಂಗೀತ ಆ ಕಾಲದ ಅಮೆರಿಕದಲ್ಲಿ ಇನ್ನೊಂದಿತ್ತೆಂದು ನನಗನ್ನಿಸುವುದಿಲ್ಲ.

ಇದು ದೊಡ್ಡ ವ್ಯಾಪಾರವೂ ಆಗಬಲ್ಲದು ಎಂದು ತೋರಿಸಿದ್ದು 1984ರ ಫ್ರೆಶ್ ಫೆಸ್ಟ್. ರನ್-ಡಿಎಂಸಿ, ಕರ್ಟಿಸ್ ಬ್ಲೋ, ಹುಡಿನಿ, ಫ್ಯಾಟ್ ಬಾಯ್ಸ್ ಒಟ್ಟಿಗೆ ಊರೂರು ಸುತ್ತಿದರು. ಸ್ವಾಚ್ ಗಡಿಯಾರ ಕಂಪನಿ ಪ್ರಾಯೋಜಕ. ಸುಮಾರು 35 ಲಕ್ಷ ಡಾಲರ್ ಗಲ್ಲಾಪೆಟ್ಟಿಗೆಗೆ ಬಿತ್ತು. ಎರಡು ವರ್ಷದ ಬಳಿಕ, 1986ರ ಜುಲೈನಲ್ಲಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರನ್-ಡಿಎಂಸಿ ತಮ್ಮ ಅಡಿಡಾಸ್ ಹಾಡಿಗೆ ಮೊದಲು ಎಲ್ಲರೂ ಶೂ ಎತ್ತಿ ತೋರಿಸಿ ಎಂದರು. ಸಾವಿರಾರು ಜನ ಕಾಲಿನಿಂದ ಬಿಳಿ ಶೂ ಕಳಚಿ ತಲೆ ಮೇಲೆ ಎತ್ತಿದರು. ಅಡಿಡಾಸ್ ಕಂಪನಿಯ ಅಧಿಕಾರಿಯೊಬ್ಬರು ಅಲ್ಲೇ ಇದ್ದರು. ಹತ್ತು ಲಕ್ಷ ಡಾಲರಿನ ಒಪ್ಪಂದವಾಯಿತು. ಅಭಿಮಾನಿಗಳ ಕೈ ಎಣಿಸಿ ದುಡ್ಡು ಸುರಿದ ಈ ಘಟನೆಯನ್ನು ವ್ಯಾಪಾರದ ಪುಸ್ತಕಗಳು ಇಂದಿಗೂ ಹೊಗಳುತ್ತವೆ. ಅದೇ ಪ್ರವಾಸ ಒಂದು ತಿಂಗಳೊಳಗೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ತಲುಪಿದಾಗ, ಆಗಸ್ಟ್ 17ರಂದು, ಸಭಾಂಗಣದೊಳಗೆ ಗ್ಯಾಂಗ್‌ಗಳ ಹೊಡೆದಾಟವಾಗಿ ಸುಮಾರು ನಲವತ್ತು ಜನ ಗಾಯಗೊಂಡರು. ರನ್-ಡಿಎಂಸಿ ವೇದಿಕೆ ಹತ್ತಲೇ ಇಲ್ಲ. 1988ರಲ್ಲಿ ನ್ಯೂಯಾರ್ಕಿನ ಹೊರವಲಯದ ನಸ್ಸಾ ಕೊಲೀಸಿಯಂನ ರ‍್ಯಾಪ್ ಕಾರ್ಯಕ್ರಮದಲ್ಲಿ ಚೂರಿ ಇರಿತಕ್ಕೆ ಯುವಕನೊಬ್ಬ ಬಲಿಯಾದ. ಅಲ್ಲಿಂದ ಮುಂದೆ ಈ ಸಂಗೀತದ ಪ್ರವಾಸಗಳ ಹಣೆಬರಹ ಬರೆದವರು ಸಂಗೀತದವರಲ್ಲ, ವಿಮೆಯವರು. ವಿದ್ವಾಂಸೆ ಟ್ರಿಶಿಯಾ ರೋಸ್ 1994ರ ‘ಬ್ಲ್ಯಾಕ್ ನಾಯ್ಸ್’ ಪುಸ್ತಕದಲ್ಲಿ ಇದನ್ನು ಬಿಡಿಸಿಟ್ಟಿದ್ದಾರೆ: ವಿಮೆ ಸಿಗದು, ಸಿಕ್ಕರೆ ದುಬಾರಿ; ಸಭಾಂಗಣದವರು ರ‍್ಯಾಪ್ ಎಂದೊಡನೆ ಬಾಗಿಲು ಮುಚ್ಚುವರು; ಒಳಗೆ ಬಿಟ್ಟರೂ ಟಿಕೆಟ್ ಕೊಂಡ ಹುಡುಗ ಹುಡುಗಿಯರನ್ನು ಕಳ್ಳರಂತೆ ತಡಕುವರು.

ಹೊಡೆದಾಟ ನಡೆದದ್ದು ಸುಳ್ಳಲ್ಲವಲ್ಲ, ಹೆಣ ಬಿದ್ದ ಮೇಲೆ ವಿಮೆ ಏರದೆ ಇರುತ್ತದೆಯೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ 1979ರ ಡಿಸೆಂಬರ್ 3ರಂದು ಸಿನ್ಸಿನಾಟಿ ನಗರದಲ್ಲಿ ‘ದಿ ಹೂ’ ರಾಕ್ ತಂಡದ ಕಾರ್ಯಕ್ರಮಕ್ಕೆ ಮುಂಚೆ ಬಾಗಿಲ ಬಳಿ ನೂಕುನುಗ್ಗಲಾಗಿ ಹನ್ನೊಂದು ಜನ ಸತ್ತಿದ್ದರು. ಆಗ ನಗರಸಭೆ ನಿಷೇಧಿಸಿದ್ದು ರಾಕ್ ಸಂಗೀತವನ್ನಲ್ಲ, ಸೀಟು ಸಂಖ್ಯೆಯಿಲ್ಲದೆ ಮೊದಲು ಬಂದವರಿಗೆ ಜಾಗ ಎನ್ನುವ ಟಿಕೆಟ್ ಪದ್ಧತಿಯನ್ನು. ಒಂದು ಕಡೆ ದೋಷ ಬಾಗಿಲದ್ದು, ಇನ್ನೊಂದು ಕಡೆ ಬಾಗಿಲಲ್ಲಿ ನಿಂತವರದ್ದು. ಲಂಡನ್ನಿನ ಪೊಲೀಸರು ಈ ನೋಟವನ್ನು ಕಾಗದದ ಮೇಲೇ ಇಳಿಸಿದರು. 2005ರಲ್ಲಿ ಬಂದ ‘ಫಾರ್ಮ್ 696’ ಎಂಬ ನಮೂನೆ ಆರಂಭದಲ್ಲಿ ಸಂಘಟಕರನ್ನು ಯಾವ ಬಗೆಯ ಸಂಗೀತ, ಯಾವ ಜನಾಂಗದ ಪ್ರೇಕ್ಷಕರು ಎಂದು ಕೇಳುತ್ತಿತ್ತು. ಗ್ರೈಮ್, ಗ್ಯಾರೇಜ್ ಸಂಗೀತದ ಎಷ್ಟೋ ರಾತ್ರಿಗಳಿಗೆ ಕಲ್ಲು ಹಾಕಿದ ಆ ನಮೂನೆ ರದ್ದಾದದ್ದು 2017ರ ನವೆಂಬರಿನಲ್ಲಿ.

ಇದರ ಪರಿಣಾಮ ವೇದಿಕೆಯ ಕಸುಬಿನ ಮೇಲೆ ಏನಾಯಿತು ಎಂಬ ಕಡೆಗೆ ಗಮನ ಹೋದದ್ದು ಕಡಿಮೆ. ರಾಕ್ ತಂಡವೊಂದು ಸಣ್ಣ ಹಾಲಿನಿಂದ ದೊಡ್ಡ ಹಾಲಿಗೆ, ಅಲ್ಲಿಂದ ಕ್ರೀಡಾಂಗಣಕ್ಕೆ ಮೆಟ್ಟಿಲು ಹತ್ತುತ್ತಾ ದಣಿಯದೆ ಎರಡು ಗಂಟೆ ಜನರನ್ನು ಹಿಡಿದಿಡುವುದನ್ನು ಕಲಿಯುತ್ತದೆ. ರ‍್ಯಾಪರ್‌ಗಳಿಗೆ ನಡುವಿನ ಮೆಟ್ಟಿಲುಗಳೇ ಇರಲಿಲ್ಲ. ಸಿಕ್ಕಿದ್ದು ಕ್ಲಬ್ಬಿನಲ್ಲಿ ಮಧ್ಯರಾತ್ರಿಯ ಇಪ್ಪತ್ತು ನಿಮಿಷ, ಕೆಟ್ಟ ಮೈಕು, ಹಿಂದೆ ಓಡುವ ರೆಕಾರ್ಡು. ನಮ್ಮೂರ ಆರ್ಕೆಸ್ಟ್ರಾದವರು ಟ್ರ್ಯಾಕ್ ಹಾಕಿ ಹಾಡುವುದನ್ನು ಕೇಳಿದವರಿಗೆ ಇದರ ರುಚಿ ಗೊತ್ತು. ರ‍್ಯಾಪ್ ಎಂಬುದೇ ಸ್ಟುಡಿಯೊದ ಕಲೆ, ಉಸಿರು ಬಿಡಲೂ ಜಾಗವಿಲ್ಲದಂತೆ ಪದ ಪೇರಿಸಿದ್ದನ್ನು ವೇದಿಕೆಯಲ್ಲಿ ಹಾಗೇ ಹೇಳು ಎನ್ನುವುದು ಅನ್ಯಾಯ ಎಂದು ಕಲಾವಿದರ ಪರ ವಾದಿಸುವವರಿದ್ದಾರೆ. ಹಾಗಿದ್ದರೆ 1987ರಿಂದ ವಾದ್ಯಗಳನ್ನು ಹಿಡಿದೇ ರ‍್ಯಾಪ್ ಮಾಡುತ್ತ ಬಂದಿರುವ ಫಿಲಡೆಲ್ಫಿಯಾದ ‘ದಿ ರೂಟ್ಸ್’ ತಂಡವನ್ನು ಎಲ್ಲಿಡುವುದು? ಜೇ-ಝೀ, ಡಿಎಂಎಕ್ಸ್, ಮೆಥಡ್ ಮ್ಯಾನ್, ರೆಡ್‌ಮನ್ ಒಟ್ಟಾಗಿ 1999ರಲ್ಲಿ ನಡೆಸಿದ ‘ಹಾರ್ಡ್ ನಾಕ್ ಲೈಫ್’ ಪ್ರವಾಸ ಗಲಾಟೆಯಿಲ್ಲದೆ ಮುಗಿದು, ಮುಚ್ಚಿದ್ದ ದೊಡ್ಡ ಸಭಾಂಗಣಗಳನ್ನು ತೆರೆಸಿದ್ದನ್ನು? ಕೊರತೆಯಿದ್ದದ್ದು ಕಲೆಯಲ್ಲಲ್ಲ, ಅಭ್ಯಾಸಕ್ಕೆ ಸಿಕ್ಕ ನೆಲದಲ್ಲಿ. ತಡವಾಗಿ ಬರುವುದಕ್ಕೆ ಮಾತ್ರ ಈ ಇತಿಹಾಸದ ಆಸರೆ ಕೊಡಲಾರೆ. ಅದು ಶುದ್ಧ ಉಡಾಫೆ.

ಬಾಗಿಲು ತೆರೆದದ್ದೇ ತಡ, ಲೆಕ್ಕ ಬದಲಾಯಿತು. ರೆಕಾರ್ಡಿನ ಮಾರಾಟ ಕುಸಿದು ದುಡ್ಡು ವೇದಿಕೆಯ ಕಡೆ ಹರಿಯತೊಡಗಿದಾಗ, 2008ರಲ್ಲಿ ಜೇ-ಝೀ ಕಾರ್ಯಕ್ರಮ ಸಂಘಟಿಸುವ ಲೈವ್ ನೇಷನ್ ಕಂಪನಿಯೊಡನೆ ಸುಮಾರು 15 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡರು. ಅದೇ ವರ್ಷ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ಮುಖ್ಯ ವೇದಿಕೆಗೆ ರ‍್ಯಾಪರ್ ಯಾಕೆ ಎಂದು ಓಯಸಿಸ್ ತಂಡದ ನೋಯೆಲ್ ಗ್ಯಾಲಹರ್ ತಕರಾರು ಎತ್ತಿದರು. ಜೇ-ಝೀ ಗಿಟಾರು ನೇತುಹಾಕಿಕೊಂಡು ಬಂದು ಗ್ಯಾಲಹರ್ ಅವರದೇ ಹಾಡನ್ನು ಬೇಕೆಂದೇ ಅಪಸ್ವರದಲ್ಲಿ ಎತ್ತಿಕೊಂಡರು, ಮೈದಾನವೆಲ್ಲ ಕೂಡಿ ಹಾಡಿತು. ವಾದ ಅಲ್ಲಿಗೆ ಮುಗಿಯಿತು. 2010ರಲ್ಲಿ ಲೈವ್ ನೇಷನ್ ಮತ್ತು ಟಿಕೆಟ್‌ಮಾಸ್ಟರ್ ಒಂದಾದವು. ಕಾರ್ಯಕ್ರಮ ಇಡುವವರೂ ಟಿಕೆಟ್ ಮಾರುವವರೂ ಒಬ್ಬರೇ. 2024ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಇದು ಏಕಸ್ವಾಮ್ಯ ಎಂದು ಮೊಕದ್ದಮೆ ಹೂಡಿತು. ಪೋಲ್‌ಸ್ಟಾರ್ ಪತ್ರಿಕೆಯ ಲೆಕ್ಕದಂತೆ ದೊಡ್ಡ ನೂರು ಪ್ರವಾಸಗಳ ಸರಾಸರಿ ಟಿಕೆಟ್ 1996ರಲ್ಲಿ 26 ಡಾಲರಿನ ಆಸುಪಾಸಿನಲ್ಲಿತ್ತು, 2023ರಲ್ಲಿ 120 ದಾಟಿತ್ತು. ಬೇಡಿಕೆ ಏರಿದಂತೆ ಕಣ್ಣೆದುರೇ ಏರುವ ದರ, ಅದರ ಮೇಲೆ ಶುಲ್ಕ, ಆಮೇಲೆ ಬ್ಲ್ಯಾಕ್.

ಕೊಳ್ಳುವವರಿದ್ದಾರಲ್ಲ ಎನ್ನುತ್ತದೆ ಮಾರುಕಟ್ಟೆಯ ವಾದ. ಇದ್ದಾರೆ. 2025ರಲ್ಲಿ ಕೆಂಡ್ರಿಕ್ ಲಮಾರ್ ಮತ್ತು ಸಿಝಾ ಜೊತೆಯಾಗಿ ನಡೆಸಿದ ಪ್ರವಾಸ 35 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಸೋಜಿಗವೆಂದರೆ, ಅದೇ ವರ್ಷದ ಅಕ್ಟೋಬರಿನಲ್ಲಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ನಲವತ್ತರಲ್ಲಿ ಒಂದೂ ರ‍್ಯಾಪ್ ಹಾಡಿರಲಿಲ್ಲ, 1990ರ ಬಳಿಕ ಮೊದಲ ಸಲ. (ಹಳೆಯ ಹಾಡುಗಳನ್ನು ಇಳಿಸುವ ನಿಯಮ ಬದಲಾಗಿ ಪಟ್ಟಿಯಿಂದ ಹೊರಬಿದ್ದದ್ದರಲ್ಲಿ ಇದೇ ಇಬ್ಬರ ಹಾಡೂ ಇತ್ತು.) ಕ್ರೀಡಾಂಗಣ ತುಂಬುವ ನಾಲ್ಕಾರು ಹೆಸರುಗಳಿಂದ ಇಡೀ ಕ್ಷೇತ್ರದ ಆರೋಗ್ಯ ಅಳೆಯಲಾಗದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಟಿಕೆಟ್ ಮುಂಗಡ ಮಾರಾಟವಾಗಿಬಿಟ್ಟ ಮೇಲೆ ಕೂಗಿಗೆ ಬೆಲೆಯೂ ಇಲ್ಲ. 2016ರ ನವೆಂಬರಿನಲ್ಲಿ ಸ್ಯಾಕ್ರಮೆಂಟೊ ನಗರದಲ್ಲಿ ಕಾನ್ಯೆ ವೆಸ್ಟ್ ಮೂರ್ನಾಲ್ಕು ಹಾಡಿನ ಬಳಿಕ ಉದ್ದದ ಭಾಷಣ ಬಿಗಿದು ಹೊರಟುಹೋದಾಗ ಜನ ಕೂಗಿದರು. ಟಿಕೆಟ್ ಹಣ ವಾಪಸಾಯಿತು, ಉಳಿದ ಪ್ರವಾಸ ರದ್ದಾಯಿತು. ಆದರೆ ನಷ್ಟದ ಜಗಳ ನ್ಯಾಯಾಲಯದಲ್ಲಿ ನಡೆದದ್ದು ಅವರ ಕಂಪನಿಗೂ ವಿಮೆದಾರರಿಗೂ ನಡುವೆ. ಅದರಲ್ಲಿ ಪ್ರೇಕ್ಷಕ ಕಕ್ಷಿಯೇ ಅಲ್ಲ.

2021ರ ನವೆಂಬರ್ 5ರಂದು ಹೂಸ್ಟನ್‌ನಲ್ಲಿ ಟ್ರಾವಿಸ್ ಸ್ಕಾಟ್ ಅವರ ಆಸ್ಟ್ರೋವರ್ಲ್ಡ್ ಉತ್ಸವದಲ್ಲಿ ಹತ್ತು ಜನ ಜನಸಂದಣಿಯಲ್ಲಿ ನಲುಗಿ ಸತ್ತಾಗ ಹಳೆಯ ಎರಡು ಭಾಷೆಗಳೂ ಮರಳಿ ಬಂದವು. ಕುಣಿತದ ಉನ್ಮಾದವೇ ಕಾರಣ ಎಂದರು ಕೆಲವರು. ಸುಮಾರು ಐವತ್ತು ಸಾವಿರ ಜನರನ್ನು ನಿಲ್ಲಿಸಿದ ಮೈದಾನದಲ್ಲಿ ಬೇಲಿಗಳು ಎಲ್ಲಿದ್ದವು, ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಯಾರದ್ದಾಗಿತ್ತು ಎಂದು ಕೇಳಿದವರು ಕೆಲವರು. ಸತ್ತವರಲ್ಲಿ ಒಂಬತ್ತು ವರ್ಷದ ಬಾಲಕನೂ ಇದ್ದ. ಉನ್ಮಾದದ ವಿವರಣೆ ಅವನಿಗೆ ಹೊಂದುವುದಿಲ್ಲ. ನಿಲ್ಲಿಸಿ ಎಂದು ಆ ರಾತ್ರಿ ಕ್ಯಾಮೆರಾ ಅಟ್ಟಣಿಗೆ ಹತ್ತಿ ಕೂಗಿದವರೂ ಅಭಿಮಾನಿಗಳೇ. ಕೂಗು ವೇದಿಕೆಗೆ ತಲುಪಲಿಲ್ಲ. ತಲುಪುವ ಕಡೆ ಏನಾಗುತ್ತದೆ ಎಂಬುದೂ ಗೊತ್ತಿದೆ: 2024ರ ಜೂನ್ 19ರಂದು ಲಾಸ್ ಏಂಜಲೀಸ್ ಬಳಿಯ ಫೋರಂನಲ್ಲಿ ಕೆಂಡ್ರಿಕ್, ಎದುರಾಳಿ ರ‍್ಯಾಪರ್ ಡ್ರೇಕ್ ವಿರುದ್ಧ ಕಟ್ಟಿದ ಹಾಡನ್ನು ಐದು ಸಲ ಹೇಳಿದರು. ಪ್ರತಿ ಸಲವೂ ಜನ ಅವರಿಗಿಂತ ಜೋರಾಗಿ ಹೇಳಿದರು. ಅದು ಹಾರ್ಲೆಮ್ ವರ್ಲ್ಡ್‌ನ ರಾತ್ರಿಯೇ, ಸಭಾಂಗಣ ದೊಡ್ಡದು ಅಷ್ಟೇ.

ಬೆಂಗಳೂರಿಗೆ ಈ ಇತಿಹಾಸ ದೂರದ್ದಲ್ಲ. 2012ರಲ್ಲಿ ‘ಆತ್ಮ ರಾಮ’ ಹಾಡಿದ ಬ್ರೋಧಾ ವಿ ಇಲ್ಲಿಯವರು. ‘ಬಿಗ್ ಡಾಗ್ಸ್’ ಹಾಡಿನಿಂದ 2024ರಲ್ಲಿ ಜಗತ್ತಿನ ಕಿವಿಗೆ ಬಿದ್ದು ಮರುವರ್ಷ ಅಮೆರಿಕದ ಕೋಚೆಲಾ ಉತ್ಸವದ ವೇದಿಕೆ ಹತ್ತಿದ ಹನುಮಾನ್‌ಕೈಂಡ್ ಕೇರಳದವರಾದರೂ ಬೆಳೆದದ್ದು ಈ ನಗರದ ರ‍್ಯಾಪ್ ವಲಯದಲ್ಲಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತ ಬಳಿಕ ರಾಜ್ಯ ಸರ್ಕಾರ ಆಗಸ್ಟ್‌ನಲ್ಲಿ ಜನಸಂದಣಿ ನಿಯಂತ್ರಣ ಮಸೂದೆ ಮಂಡಿಸಿತು. ಅದು ಕೇಳಿದ್ದು ಎಷ್ಟು ಜನ ಸೇರುತ್ತಾರೆ ಎಂದು, ಯಾವ ಸಂಗೀತ ಎಂದಲ್ಲ; ಲಂಡನ್ ನಮೂನೆಗಿಂತ ಸರಿಯಾದ ಪ್ರಶ್ನೆ. ಕನ್ನಡದ ರ‍್ಯಾಪ್ ಮಾತ್ರ ಇನ್ನೂ ಟಿಕೆಟ್ಟಿನ ಲೋಕಕ್ಕೆ ಪೂರ್ತಿ ಕಾಲಿಟ್ಟಿಲ್ಲ. ಆಲ್ ಓಕೆ, ಚಂದನ್ ಶೆಟ್ಟಿ ಮೊದಲಾದವರನ್ನು ಬೆಳೆಸಿದ್ದು ಯೂಟ್ಯೂಬ್, ಸಿನಿಮಾ, ಕಾಲೇಜು ಹಬ್ಬ ಮತ್ತು ಸರ್ಕಾರದ ಉತ್ಸವಗಳು. ಯಕ್ಷಗಾನದವರ ಮಾತಿನಲ್ಲಿ ಹೇಳುವುದಾದರೆ ಡೇರೆ ಮೇಳವಲ್ಲ, ಹರಕೆ ಬಯಲಾಟ: ಖರ್ಚು ಬೇರೆಯವರದು, ನೋಡುವವರಿಗೆ ಬಿಟ್ಟಿ. ಇಂಥ ವೇದಿಕೆಯ ಮುಂದೆ ಯಾರೂ ದುಡ್ಡು ಕೊಟ್ಟ ತಪ್ಪಿಗೆ ಕೂತಿರುವುದಿಲ್ಲ. ಮೈಕಿನಲ್ಲಿರುವವನು ಟ್ರ್ಯಾಕ್ ಹಾಕಿ ಬಾಯಾಡಿಸುತ್ತಿದ್ದಾನೆ ಎಂದು ಗೊತ್ತಾದರೆ ಹಿಂದಿನ ಸಾಲಿನವರು ಎದ್ದು ಚುರುಮುರಿ ಗಾಡಿಯ ಕಡೆ ನಡೆಯುತ್ತಾರೆ, ಒಳ್ಳೆಯ ಪ್ರಾಸ ಕೇಳಿಸಿದರೆ ಪೊಟ್ಟಣ ಹಿಡಿದುಕೊಂಡೇ ವಾಪಸು ಬರುತ್ತಾರೆ.